ಹೇಳಿಕೊಡದ ಮಾತು

ಮಸ್ಕಿ
6 ಮಾರ್ಚ್ 1988

ಆದೆಮ್ಮ,

ಲಿಂಗಸುಗೂರಿನ ಟಿ.ಸಿ.ಎಚ್. ಹಾಸ್ಟೆಲ್ಲಿನ ನಮ್ಮ ಕೋಣೆ ಬಿಟ್ಟು ಹತ್ತು ತಿಂಗಳಾದವು. ಅಷ್ಟರಲ್ಲಿ ನಿನಗೆ ಮದುವೆಯಾಯಿತು, ತುರ್ವಿಹಾಳದ ಸೊಸೆಯಾದೆ, ಕಾಲುವೆ ನೀರು ಕುಡಿದು ದಪ್ಪಗೂ ಆಗಿರಬೇಕು. ನಾನು ಮಾತ್ರ ಶಾಲೆಯ ಕೆಲಸದ ಆರ್ಡರ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಮಸ್ಕಿಯಲ್ಲಿ ಅಪ್ಪನ ಕುರಿಗಳ ಜೊತೆ ಕಾಲ ಕಳೆಯುತ್ತಿದ್ದೇನೆ.

ಒಂದು ಸುದ್ದಿ ಇದೆ. ನಮ್ಮಿಂದ ನಾಟಕ ಮಾಡಿಸಿದ್ದ ಲಾಲ್‌ಸಾಬ್ ಮಾಸ್ತರು ಧಾರವಾಡದ ರಂಗಶಾಲೆಯ ಅರ್ಜಿ ಕಳಿಸಿದ್ದಾರೆ. ಒಂದು ವರ್ಷದ ಕಲಿಕೆ, ಊಟ ವಸತಿ ಅವರದೇ. ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರಂತೆ. ಅರ್ಜಿಯ ಜೊತೆ ಸ್ವಂತ ಕೈಬರಹದಲ್ಲಿ ಎರಡು ಪುಟ ಬರೆಯಬೇಕು: ‘ನಾನು ಯಾರು, ನಾಟಕ ಕಲಿಯಲು ಯಾಕೆ ಬರುತ್ತೇನೆ.’ ಏಪ್ರಿಲ್ ಮೂವತ್ತು ಕೊನೆಯ ದಿನ.

ನಾನು ಹಾಕಬೇಕೆಂದಿದ್ದೇನೆ. ನಗಬೇಡ. ನಿನ್ನ ಮದುವೆಯಾಗದೇ ಇದ್ದಿದ್ದರೆ ನೀನೇ ಹೋಗುತ್ತಿದ್ದೆ, ಅದು ನನಗೂ ಗೊತ್ತು. ಕಾಲೇಜಿನ ಗ್ಯಾದರಿಂಗಿನಲ್ಲಿ ನೀನು ಸೂಲಗಿತ್ತಿ ಪಾತ್ರ ಮಾಡಿದ್ದನ್ನು ಇನ್ನೂ ಜನ ನೆನೆಸುತ್ತಾರೆ. ನಾನು ಪರದೆಯ ಹಿಂದೆ ಪುಸ್ತಕ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುತ್ತ ಕೂತವಳು. ಆದರೂ ಆಸೆ ಅನ್ನುವುದು ಪರದೆಯ ಹಿಂದೆ ಕೂತವರಿಗೂ ಇರುತ್ತದಲ್ಲ.

ಎರಡು ಪುಟ ಬರೆದು ಇದರ ಜೊತೆ ಇಟ್ಟಿದ್ದೇನೆ. ಕುರಿ ಈಯುವಾಗ ಅವ್ವ ಮಾಡುವುದನ್ನು ನೋಡಿ ನೋಡಿ ಮನುಷ್ಯರ ಕೈ ಹೇಗೆ ಮಾತಾಡುತ್ತದೆ ಎಂದು ತಿಳಿದದ್ದು, ಪ್ರಾಂಪ್ಟಿಂಗ್ ಮಾಡುತ್ತ ಹನ್ನೊಂದು ಪಾತ್ರಗಳ ಮಾತೂ ಬಾಯಿಪಾಠವಾದದ್ದು, ಇವೇ ಬರೆದಿದ್ದೇನೆ. ಓದಿ ನೋಡು. ಎಲ್ಲಿ ತಿದ್ದಬೇಕೋ ಕೆಂಪು ಶಾಯಿಯಲ್ಲಿ ತಿದ್ದು. ನಾಟಕದ ವಿಷಯದಲ್ಲಿ ನಿನ್ನ ಮಾತು ಬಿಟ್ಟು ಬೇರೆಯವರ ಮಾತು ನಾನು ನಂಬುವುದಿಲ್ಲ.

ನಿನ್ನ,
ಶೇಖಮ್ಮ


ತುರ್ವಿಹಾಳ
19 ಮಾರ್ಚ್ 1988

ಶೇಖಮ್ಮ,

ಕಾಗದ ಬಂದು ಎಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸವೇ ಕಾರಣ, ಬೇರೆ ಏನಿಲ್ಲ. ನಮ್ಮತ್ತೆ ಯಮನೂರಮ್ಮನವರು ಬೆಳಗಿನಿಂದ ಮನೆಯ ಎಲ್ಲರ ಹೆಸರು ಕೂಗುತ್ತಾರೆ, ಎದ್ದು ಹೋಗುವವಳು ನಾನೊಬ್ಬಳೇ.

ಮಾಸ್ತರು ನಿನಗೆ ಅರ್ಜಿ ಕಳಿಸಿದ್ದು ಒಳ್ಳೆಯದಾಯಿತು. ನನ್ನನ್ನು ಏನಾದರೂ ಕೇಳಿದ್ದರೇ? ಕೇಳಿರಲಿಕ್ಕಿಲ್ಲ ಬಿಡು. ಮದುವೆಗೆ ಬಂದಾಗ ತಲೆಯ ಮೇಲೆ ಅಕ್ಕಿಕಾಳು ಹಾಕಿ, ‘ಒಂದ್ ಚಲೋ ಪಾತ್ರ ಮಣ್ಣಾಗ ಹೋತು ನೋಡು’ ಎಂದು ಎಲ್ಲರೆದುರು ಅಂದಿದ್ದರು. ನಮ್ಮ ಮನೆಯವರಿಗೆ ಅದರ ಸಿಟ್ಟು ಇನ್ನೂ ಇದೆ.

ನಿನ್ನ ಎರಡು ಪುಟ ಓದಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ. ಅವರು ದೊಡ್ಡ ದೊಡ್ಡವರು. ಅವರೆದುರು ಕುರಿ, ಹಟ್ಟಿ, ಹಿಕ್ಕೆ ಎಂದು ಬರೆದರೆ ನಗುತ್ತಾರೆ. ಪ್ರಾಂಪ್ಟಿಂಗ್ ವಿಷಯ ಪೂರ್ತಿ ತೆಗೆದು ಹಾಕು. ಪಾತ್ರ ಸಿಗದವಳು ಎಂದು ನೀನೇ ಹೇಳಿಕೊಂಡಂತಾಗುತ್ತದೆ. ಅದರ ಬದಲು ಕಲೆಯ ಬಗ್ಗೆ ಬರೆ. ಬಾಲ್ಯದಿಂದಲೂ ಕಲೆಯೇ ಉಸಿರು, ನಾಡಿನ ರಂಗಭೂಮಿಯ ಸೇವೆಗೆ ಬಾಳನ್ನು ಮುಡಿಪಾಗಿಡುವ ಹಂಬಲ, ಇಂಥವು. ಅಕ್ಷರ ದುಂಡಗೆ ಇರಲಿ.

ಕೆಂಪು ಶಾಯಿ ಈ ಮನೆಯಲ್ಲಿಲ್ಲ. ಸೀಸದಕಡ್ಡಿಯಿಂದಲೇ ಗೀಟು ಹಾಕಿದ್ದೇನೆ.

ಆದೆಮ್ಮ


ಮಸ್ಕಿ
27 ಮಾರ್ಚ್ 1988

ಆದೆಮ್ಮ,

ನಿನ್ನ ಗೀಟು ನೋಡಿದೆ. ಎರಡು ಪುಟದಲ್ಲಿ ಉಳಿದದ್ದು ನನ್ನ ಹೆಸರು ಮತ್ತು ಊರು. ಮೊದಲು ಅಳು ಬಂತು, ಆಮೇಲೆ ನೀನು ಹೇಳಿದ್ದೇ ಸರಿ ಅನಿಸಿತು. ಗೆಳತಿ ಅಂದರೆ ಹೀಗಿರಬೇಕು, ಮುಖ ನೋಡಿ ಹೊಗಳುವವರು ಬೇಕಾದಷ್ಟು ಸಿಗುತ್ತಾರೆ.

ಹೊಸದಾಗಿ ಬರೆದು ಕಳಿಸಿದ್ದೇನೆ. ‘ಕಲಾಮಾತೆಯ ಪಾದಾರವಿಂದಗಳಲ್ಲಿ’ ಎಂದು ಶುರು ಮಾಡಿದ್ದೇನೆ. ಹೈಸ್ಕೂಲಿನ ವ್ಯಾಕರಣದ ಪುಸ್ತಕ ತೆಗೆದು ಸಮಾಸ ಹುಡುಕಿ ಹಾಕಿದೆ. ಅಪ್ಪ ಹಟ್ಟಿಯಿಂದ ಬಂದವನು, ‘ಕೋರ್ಟಿಗೆ ಏನರ ಅರ್ಜಿ ಹಾಕಾಕತ್ತೀ ಏನಬೇ?’ ಎಂದು ಕೇಳಿದ. ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಧಾರವಾಡದಲ್ಲಿ ಮಾಸ್ತರಿಕೆಯ ಇನ್ನೊಂದು ಟ್ರೇನಿಂಗ್ ಎಂದು ಹೇಳಿದ್ದೇನೆ.

ಮಾಸ್ತರು ನಿನ್ನನ್ನು ಕೇಳಿದ್ದರೇ ಎಂದು ಬರೆದಿದ್ದೆ. ನೀನು ಸುಖವಾಗಿದ್ದೀಯೆಂದು ಅವರಿಗೂ ಗೊತ್ತು.

ಇದಾದರೂ ನಡೆಯುತ್ತದೆಯೇ ನೋಡಿ ಹೇಳು. ನೀನು ಹೂಂ ಅಂದರೆ ಕಳಿಸುತ್ತೇನೆ.

ಶೇಖಮ್ಮ


ತುರ್ವಿಹಾಳ
3 ಏಪ್ರಿಲ್ 1988

ಶೇಖಮ್ಮ,

ಈಗ ಬಹಳ ಚೆನ್ನಾಗಿದೆ. ಒಂದಕ್ಷರವೂ ಬದಲಿಸಬೇಡ. ಹಾಗೇ ಕಳಿಸು.

ಹೆಚ್ಚು ಬರೆಯಲು ಹೊತ್ತಿಲ್ಲ. ‘ಗೆಳತೀರ ಕಾಗದ ಭಾಳ ಆದುವು, ಏನರ ಕೋರ್ಟ್ ಖಟ್ಲೆ ನಡಸೀರೇನು?’ ಎಂದು ಇವರು ಕೇಳುತ್ತಿದ್ದಾರೆ.

ಆದೆಮ್ಮ


ಮಸ್ಕಿ
24 ಏಪ್ರಿಲ್ 1988

ಆದೆಮ್ಮ,

ಮೂರು ದಿನದ ಹಿಂದೆ ಅರ್ಜಿ ಕಳಿಸಿದೆ. ನೀನು ಹೂಂ ಅಂದದ್ದನ್ನು ಕಳಿಸಲಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಸಿಟ್ಟಾಗು.

ದುಂಡಗಿನ ಅಕ್ಷರದಲ್ಲಿ ನಕಲು ಮಾಡುತ್ತ ಕೂತಿದ್ದೆ. ಅವ್ವ ಮಜ್ಜಿಗೆ ಕಡೆಯುವುದು ಬಿಟ್ಟು ಬಂದು, ‘ಎಂಟು ದಿನದಿಂದ ಅದನ್ನ ಬರಿಯಾಕತ್ತೀ. ಓದು, ನಾನೂ ಕೇಳ್ತೀನಿ’ ಎಂದಳು. ಓದಿದೆ. ಪಾದಾರವಿಂದದಿಂದ ಬಾಳು ಮುಡಿಪಿನ ತನಕ ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ, ‘ಚಲೋ ಐತಿ. ಯಾರ್ದಿದು?’ ಎಂದಳು.

‘ನಂದೇ ಬೇ.’

‘ನಿಂದಾ? ಇದರಾಗ ನೀ ಎಲ್ಲಿದ್ದಿ?’

ಅಷ್ಟೇ ಅಂದು ಹೋಗಿ ಮತ್ತೆ ಕಡೆಯಲು ಕೂತಳು. ನನಗೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಆ ಹಾಳೆ ಹರಿದು ಹೊಸದಾಗಿ ಬರೆದೆ. ಮೊದಲಿನದೂ ಅಲ್ಲ, ಎರಡನೆಯದೂ ಅಲ್ಲ. ಆ ಎರಡರಲ್ಲೂ ಬರೆಯದೇ ಇದ್ದದ್ದನ್ನು ಬರೆದೆ. ಧಾರವಾಡದವರು ಓದುವ ಮೊದಲು ನಿನಗೆ ತಿಳಿಯಬೇಕಿತ್ತು. ನನ್ನ ಧೈರ್ಯ ಮೂರು ದಿನ ತಡವಾಯಿತು.

ನಾಟಕದ ದಿನ ನೆನೆಸಿಕೋ. ಬಾಣಂತಿ ಸತ್ತಿದ್ದಾಳೆ. ಸೂಲಗಿತ್ತಿ ಹೊರಗೆ ಬಂದು ಅವಳ ಗಂಡನಿಗೆ ಹೇಳಬೇಕು. ನೀನು ಬಂದೆ, ನಿಂತೆ, ಮಾತು ಮರೆತೆ. ನನ್ನ ಕಡೆ ನೋಡಿದೆ. ‘ಪುಟ ತಪ್ಪಿಹೋಗಿತ್ತು’ ಎಂದು ನಾನು ಆಮೇಲೆ ಹೇಳಿದ್ದೆನಲ್ಲ, ಅದು ಸುಳ್ಳು. ನನ್ನ ಬೆರಳು ಆ ಸಾಲಿನ ಕೆಳಗೇ ಇತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಬಾಯಿ ತೆರೆಯಲಿಲ್ಲ. ನೀನು ಬೀಳುವುದನ್ನು ನೋಡಬೇಕಾಗಿತ್ತು ನನಗೆ.

ಆ ಪಾತ್ರ ನನಗೆ ಬೇಕಾಗಿತ್ತು, ಆದೆಮ್ಮ. ಮಾಸ್ತರು ಓದಿಸಿ ನೋಡಿ, ‘ನಿನ್ನ ದನಿ ಹಿಂದಿನ ಸಾಲಿಗೆ ಮುಟ್ಟಾಂಗಿಲ್ಲ’ ಎಂದು ನನ್ನ ಕೈಗೆ ಪುಸ್ತಕ ಕೊಟ್ಟರು.

ಆದರೆ ನೀನು ಬೀಳಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಮತ್ತೆ ಒರೆಸಿಕೊಂಡೆ. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದೆ. ಒಂದು ಮಾತಿಲ್ಲದೆ ಇಡೀ ಸಭೆಗೆ ತಿಳಿಯಿತು. ಮುಂದಿನ ಸಾಲಿನ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಅದು ನನ್ನ ಅವ್ವನ ಕೈ. ದಸರೆ ರಜೆಯಲ್ಲಿ ನೀನು ನಮ್ಮ ಮನೆಗೆ ಬಂದಾಗ ಕುರಿಮರಿ ಸತ್ತು ಹುಟ್ಟಿತ್ತು, ಅವ್ವ ಹಟ್ಟಿಯಲ್ಲಿ ಹಾಗೆ ಕೂತಿದ್ದಳು. ಹುಟ್ಟಿದಾಗಿನಿಂದ ನೋಡಿದವಳು ನಾನು. ಒಂದೇ ಸಲ ನೋಡಿ ತೆಗೆದುಕೊಂಡು ಹೋದವಳು ನೀನು. ಅವತ್ತು ಪರದೆಯ ಹಿಂದೆ ನನಗಾದ ಹೊಟ್ಟೆಕಿಚ್ಚು ಈ ಜನ್ಮಕ್ಕೆ ಸಾಕು.

ಇದನ್ನೇ ಬರೆದೆ. ಇದನ್ನು ಮಾಡಿದವಳು ನಾನು, ಇದು ಯಾಕೆ ಹೀಗಾಗುತ್ತದೆಂದು ಕಲಿಯಲು ಬರುತ್ತೇನೆ ಎಂದು ಬರೆದೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಉತ್ತರ ಬರೆ.

ಶೇಖಮ್ಮ


ಮಸ್ಕಿ
30 ಮೇ 1988

ಆದೆಮ್ಮ,

ಐದು ವಾರವಾದವು, ನಿನ್ನಿಂದ ಅಕ್ಷರವಿಲ್ಲ. ದಿನಾ ಅಂಚೆಯ ಇಮಾಮ್‌ಸಾಬ್ ನಮ್ಮ ಮನೆ ದಾಟುವಾಗ ಸೈಕಲ್ ಇಳಿಯದೆ ಕೈ ಅಲ್ಲಾಡಿಸಿ ಹೋಗುತ್ತಾನೆ.

ನಾಲ್ಕು ದಿನದ ಹಿಂದೆ ಇಳಿದ. ಧಾರವಾಡದಿಂದ ಕಾಗದ. ಜೂನ್ ಇಪ್ಪತ್ತೆಂಟಕ್ಕೆ ಸಂದರ್ಶನಕ್ಕೆ ಕರೆದಿದ್ದಾರೆ. ಅಪ್ಪನಿಗೆ ನಿಜ ಹೇಳಿದೆ. ಅವನು ಎರಡು ದಿನ ಹಟ್ಟಿಯಲ್ಲೇ ಉಂಡು ಮಲಗಿದ, ಮೂರನೆಯ ದಿನ ಬಂದು, ‘ಬಸ್ಸು ಹುಬ್ಬಳ್ಳ್ಯಾಗ ಬದಲಿ ಮಾಡ್ಬೇಕಂತ’ ಎಂದ. ಅವನೇ ಜೊತೆಗೆ ಬರುತ್ತಾನೆ.

ಬೈಯಬೇಕೆನಿಸಿದರೆ ಬೈ. ಸುಮ್ಮನೆ ಇರಬೇಡ.

ಶೇಖಮ್ಮ


ತುರ್ವಿಹಾಳ
12 ಜೂನ್ 1988

ಶೇಖಮ್ಮ,

ಬೈ ಅಂದೆಯಲ್ಲ, ತಗೋ.

ನೀನು ಮಾತು ಹೇಳಿಕೊಡಲಿಲ್ಲ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಕಣ್ಣು ಪುಸ್ತಕದ ಮೇಲಿರಲಿಲ್ಲ, ನನ್ನ ಮೇಲಿತ್ತು. ಅದನ್ನು ನಾನು ಅವತ್ತೇ ನೋಡಿದ್ದೆ. ಒಂದೇ ಕೋಣೆಯಲ್ಲಿ ಮಲಗುವವರು ಜಗಳ ತೆಗೆಯಬಾರದೆಂದು ಸುಮ್ಮನಿದ್ದೆ.

ಸಿಟ್ಟು ಬೇರೆ. ಈ ಮನೆಯಲ್ಲಿ ನನಗೆ ಏನಿದೆ ಗೊತ್ತೇ? ತವರಿನಿಂದ ತಂದ ಟ್ರಂಕಿದೆ. ಅದರ ಕೀಲಿ ಅತ್ತೆಯ ಸೊಂಟದಲ್ಲಿದೆ. ನನ್ನದು ಅಂತ ಉಳಿದಿದ್ದು ಆ ಒಂದು ಗಳಿಗೆ. ಭತ್ತದ ನಾಟಿ ಮಾಡುವ ಆಳುಗಳಿಗೆ ಬುತ್ತಿ ಹೊತ್ತು ಬದುವಿನ ಮೇಲೆ ನಡೆಯುವಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ನಾನು ಕೂತದ್ದು, ಸಭೆ ಉಸಿರು ಹಿಡಿದದ್ದು. ಈಗ ನೀನು ಅದನ್ನೂ ಎರಡು ಪುಟ ಮಾಡಿ ಧಾರವಾಡಕ್ಕೆ ಕಳಿಸಿದ್ದೀ. ನಿನ್ನ ತಪ್ಪೇ ನಿನಗೆ ಟಿಕೆಟ್ ಆಯಿತು. ನನ್ನ ಆಟ ನನಗೆ ಏನಾಯಿತು?

ಇನ್ನೊಂದು. ನಿನ್ನ ಮೊದಲನೆಯ ಎರಡು ಪುಟ ಮೂರು ಸಲ ಓದಿದ್ದೆ. ಅಷ್ಟು ಚೆನ್ನಾಗಿತ್ತು. ಅದಕ್ಕೇ ಗೀಟು ಹಾಕಿದೆ. ಕಲಾಮಾತೆ ಎಂದು ಬರೆದರೆ ನಿನ್ನನ್ನು ಯಾರೂ ಕರೆಯುವುದಿಲ್ಲ ಎಂದು ಗೊತ್ತಿದ್ದೇ ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ನಿನ್ನ ಅವ್ವ ಅಕ್ಷರ ಬಾರದವಳು ಕಂಡುಹಿಡಿದಳು, ನೀನು ಮಾತ್ರ ಗೆಳತಿ ಗೆಳತಿ ಎಂದು ನಂಬಿದೆ.

ಲೆಕ್ಕ ಸರಿಹೋಯಿತು ಎಂದು ತಿಳಿಯಬೇಡ. ನನಗೆ ಐದು ತಿಂಗಳು. ಇನ್ನು ಕಾಗದ ಬರೆಯಬೇಡ.

ಆದೆಮ್ಮ


ಧಾರವಾಡ
20 ಜುಲೈ 1988

ಆದೆಮ್ಮ,

ಬರೆಯಬೇಡ ಎಂದಿದ್ದೀ. ಇದೊಂದು ಬರೆಯುತ್ತೇನೆ.

ಆಯ್ಕೆಯಾಯಿತು. ಸಂದರ್ಶನದಲ್ಲಿ ಮೂವರಿದ್ದರು. ಬಿಳಿ ಗಡ್ಡದ ಒಬ್ಬ ಹಿರಿಯರು ನನ್ನ ಹಾಳೆ ಕೈಯಲ್ಲಿ ಹಿಡಿದು, ‘ಆ ಹುಡುಗಿ ಈಗ ಏನು ಮಾಡುತ್ತಾಳೆ?’ ಎಂದು ಕೇಳಿದರು. ನನ್ನ ಬಗ್ಗೆ ಏನೂ ಕೇಳುವ ಮೊದಲು ನಿನ್ನ ಬಗ್ಗೆ ಕೇಳಿದರು. ‘ಮದುವ್ಯಾಗಿ ತುರ್ವಿಹಾಳದಾಗ ಅದಾಳ್ರಿ’ ಎಂದೆ. ‘ಅವಳು ಯಾಕೆ ಅರ್ಜಿ ಹಾಕಲಿಲ್ಲ?’ ಎಂದರು. ಅಷ್ಟು ದೂರ ಬಂದ ಮೇಲೂ ನಿನ್ನನ್ನೇ ಕೇಳಿದರಲ್ಲ ಎಂದು ಹೊಟ್ಟೆ ಉರಿಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಹೆರಿಗೆಗೆ ತವರಿಗೆ ಹೋಗುವಾಗ ಮಸ್ಕಿಯ ಮೇಲೆಯೇ ಬಸ್ಸು ಹೋಗುತ್ತದೆ. ಅವ್ವ ನಿನ್ನನ್ನು ನೋಡಬೇಕೆನ್ನುತ್ತಾಳೆ.

ಶೇಖಮ್ಮ


ಲಿಂಗಸುಗೂರು
14 ಫೆಬ್ರುವರಿ 1993

ಆದೆಮ್ಮ,

ನಾಲ್ಕೂವರೆ ವರ್ಷದ ಮೇಲೆ ಈ ಅಕ್ಷರ ನೋಡಿ ಹರಿದು ಹಾಕುತ್ತೀಯೋ ಏನೋ. ಹರಿಯುವ ಮೊದಲು ಓದು.

ನಾನೀಗ ಲಿಂಗಸುಗೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ರಂಗಶಾಲೆ ಮುಗಿದ ಮೇಲೆ ಎರಡು ವರ್ಷ ಒಂದು ತಂಡದ ಜೊತೆ ಊರೂರು ತಿರುಗಿದೆ. ತಂಡ ನಿಂತಿತು, ಅಷ್ಟರಲ್ಲಿ ಆರ್ಡರ್ ಬಂತು. ಈಗ ಮಕ್ಕಳಿಂದ ಆಗಸ್ಟ್ ಹದಿನೈದಕ್ಕೊಂದು, ಜನವರಿ ಇಪ್ಪತ್ತಾರಕ್ಕೊಂದು ನಾಟಕ ಮಾಡಿಸುತ್ತೇನೆ.

ಮೊನ್ನೆ ಸಂತೆಯ ದಿನ ಬಸ್ ಸ್ಟ್ಯಾಂಡಿನ ಎದುರು ಸಾಕ್ಷರತಾ ಜಾಥಾದವರ ಬೀದಿ ನಾಟಕ ನಡೆದಿತ್ತು. ಬದನೆಕಾಯಿ ಆರಿಸುತ್ತಿದ್ದೆ. ಒಂದು ದನಿ ಕೇಳಿಸಿತು. ಚೀಲ ಅಲ್ಲೇ ಬಿಟ್ಟು ಹೋದೆ. ಬಿಸಿಲಲ್ಲಿ, ಧೂಳಿನಲ್ಲಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನೀನು ನಿಂತಿದ್ದೆ. ರೇಷನ್ ಅಂಗಡಿಯ ಕಾಗದ ಓದಲು ಬಾರದ ಮುದುಕಿಯ ಪಾತ್ರ. ಕಾಗದವನ್ನು ತಲೆಕೆಳಗಾಗಿ ಹಿಡಿದು ಓದುವಂತೆ ನಟಿಸಿದೆ. ಮಂದಿ ನಗಲು ಶುರು ಮಾಡಿದರು, ನೀನು ಅವರ ಕಡೆ ತಿರುಗಿ ಒಮ್ಮೆ ನೋಡಿದ್ದಕ್ಕೆ ನಗು ಹಾಗೇ ನಿಂತುಹೋಯಿತು. ಅದನ್ನು ಕಲಿಸಲು ನಮ್ಮ ಗುರುಗಳು ಒಂದು ವರ್ಷ ಹೆಣಗಿದರು. ನನಗೆ ಬರಲಿಲ್ಲ. ನಿನಗೆ ಯಾರೂ ಕಲಿಸಲಿಲ್ಲ.

ಬಂದು ಮಾತಾಡಿಸಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಕೆಂಡ ಇಟ್ಟ ಹಾಗಿತ್ತು. ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತು ನೋಡಿ ಮನೆಗೆ ಬಂದೆ. ಬದನೆಕಾಯಿ ಸಂತೆಯಲ್ಲೇ ಉಳಿದವು.

ಈಗ ಹೇಳುವುದು ಕಷ್ಟದ್ದು. 88ರಲ್ಲಿ ಲಾಲ್‌ಸಾಬ್ ಮಾಸ್ತರು ಕಳಿಸಿದ್ದು ಒಂದು ಅರ್ಜಿಯಲ್ಲ, ಎರಡು. ಒಂದರ ಮೇಲೆ ಪೆನ್ಸಿಲಿನಲ್ಲಿ ನಿನ್ನ ಹೆಸರಿತ್ತು. ತುರ್ವಿಹಾಳಕ್ಕೆ ನೇರ ಕಳಿಸಿದರೆ ನಿನ್ನ ಮನೆಯವರು ಸಿಟ್ಟಾಗುತ್ತಾರೆಂದು ನನ್ನ ವಿಳಾಸಕ್ಕೆ ಕಳಿಸಿದ್ದರು. ‘ಮೊದಲು ಆಕೀಗೆ ಕೊಡು’ ಎಂದು ಬರೆದಿದ್ದರು. ಮೊದಲು! ಆ ಒಂದು ಮಾತಿಗೇ ನಾನದನ್ನು ಮಡಚಿ ಟ್ರಂಕಿನ ತಳದಲ್ಲಿ ಹಾಕಿದೆ. ಮಾಸ್ತರು ಕೇಳಿದಾಗ ‘ಆಕೀ ಒಲ್ಲೆ ಅಂದಳ್ರಿ’ ಎಂದೆ. ಅವರು ತೀರಿಕೊಂಡು ಎರಡು ವರ್ಷ. ಆ ಸುಳ್ಳನ್ನೇ ನಂಬಿಕೊಂಡು ಹೋದರು.

ಮಾತು ಹೇಳಿಕೊಡದೇ ಇದ್ದದ್ದನ್ನು ಬರೆದು ನಾನು ದೊಡ್ಡ ಪ್ರಾಮಾಣಿಕಳಾದೆ. ಇದನ್ನು ಬರೆಯಲಿಲ್ಲ.

ಇದರ ಜೊತೆ ಈ ವರ್ಷದ ಅರ್ಜಿ ಇದೆ. ಇಪ್ಪತ್ತೆಂಟು ವಯಸ್ಸಿನವರೆಗೂ ತೆಗೆದುಕೊಳ್ಳುತ್ತಾರೆ. ನಿನಗಿನ್ನೂ ಇಪ್ಪತ್ತಾರು.

ಶೇಖಮ್ಮ


ತುರ್ವಿಹಾಳ
21 ಮಾರ್ಚ್ 1993

ಶೇಖಮ್ಮ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಅರ್ಜಿಯನ್ನು ಮಾತ್ರ ಒಲೆಗೆ ಹಾಕಲಿಲ್ಲ.

ನಿನಗೆ ಏನು ಶಾಪ ಹಾಕಬೇಕೆಂದು ಒಂದು ವಾರ ಹುಡುಕಿದೆ. ಕೊನೆಗೆ ಇವರಿಗೆ ಎಲ್ಲ ಹೇಳಿ, ‘ಆಗ ಆ ಅರ್ಜಿ ಬಂದಿದ್ರ ಕಳಸ್ತಿದ್ರ್ಯಾ?’ ಎಂದು ಕೇಳಿದೆ. ಇವರು ಸುಳ್ಳು ಹೇಳುವ ಮನುಷ್ಯ ಅಲ್ಲ. ‘ಹರದು ಕಾಲಿವ್ಯಾಗ ಒಗಿತಿದ್ದೆ’ ಎಂದರು. ಹೀಗಾಗಿ ನಿನ್ನ ಪಾಪದಲ್ಲಿ ಅರ್ಧ ಅವರಿಗೆ ಹಂಚಿದ್ದೇನೆ. ಉಳಿದರ್ಧ ನಿನ್ನ ಹತ್ತಿರ ಇರಲಿ.

ಜಾಥಾಕ್ಕೆ ಹೇಗೆ ಹೋದೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಊರಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಓದಿದವಳು ಬೇಕೆಂದು ನನ್ನನ್ನು ಕರೆದರು. ಮೊದಲ ವಿದ್ಯಾರ್ಥಿನಿ ನಮ್ಮತ್ತೆ. ‘ಯ’ ಬರೆಯಲು ಹನ್ನೆರಡು ದಿನ ತೆಗೆದುಕೊಂಡರು. ತಮ್ಮ ಹೆಸರು ಪೂರ್ತಿ ಬರೆದ ದಿನ ಟ್ರಂಕಿನ ಕೀಲಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಜಾಥಾದವರು ನಾಟಕಕ್ಕೆ ಕೇಳಿದಾಗ ಹೂಂ ಅಂದವರೂ ಅವರೇ. ನಮ್ಮೂರಿನಲ್ಲಿ ಆಟ ಆದ ದಿನ ಇವರು ಊಟ ಬಿಟ್ಟು ಕೂತರು. ಏನಾಯಿತೆಂದು ಕೇಳಿದರೆ, ‘ಅಷ್ಟು ಮಂದಿ ನಿನ್ನ ನೋಡಾಕತ್ತಿದ್ರು. ಮನ್ಯಾಗ ಐದು ವರ್ಸ ಇದ್ದು ನಾ ಏನ್ ನೋಡೀನಿ ಅನಿಸ್ತು’ ಎಂದರು. ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತಲ್ಲ.

ಅರ್ಜಿ ತುಂಬುತ್ತಿದ್ದೇನೆ. ಇವರು ‘ಹೋಗು ಅನ್ನಾಂಗಿಲ್ಲ, ಬ್ಯಾಡ ಅಂತನೂ ಅನ್ನಾಂಗಿಲ್ಲ’ ಎನ್ನುತ್ತಾರೆ. ಮಗಳು ನೀಲಮ್ಮನಿಗೆ ನಾಲ್ಕೂವರೆ. ‘ಒಂದ್ ವರ್ಸ ನಾ ಸಂಭಾಳಸ್ತೀನಿ, ನಾಕು ಮಕ್ಕಳ್ನ ಬೆಳಸೀನಿ’ ಎಂದು ಅತ್ತೆ ಇವರ ಎದುರೇ ಹೇಳಿದರು.

ಆ ಎರಡು ಪುಟ ಬರೆಯುವುದು ಇಷ್ಟು ಕಷ್ಟ ಎಂದು ಗೊತ್ತಿದ್ದರೆ ನಿನ್ನದರ ಮೇಲೆ ಅಷ್ಟು ಸುಲಭವಾಗಿ ಗೀಟು ಹಾಕುತ್ತಿರಲಿಲ್ಲ. ‘ನಾನು’ ಎಂದು ಬರೆದು ಕೂತರೆ ಮುಂದೆ ಅತ್ತೆ, ಮಗಳು, ಗಂಡ ಎಲ್ಲ ಬರುತ್ತಾರೆ, ನಾನು ಬರುವುದಿಲ್ಲ.

ನಿನಗೆ ತೋರಿಸುವುದಿಲ್ಲ. ಕೇಳಬೇಡ.

ಆದೆಮ್ಮ


ತುರ್ವಿಹಾಳ
11 ಜುಲೈ 1993

ಶೇಖಮ್ಮ,

ಧಾರವಾಡಕ್ಕೆ ಹೋಗಿ ಬಂದೆ. ಇವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಳೆ, ಭತ್ತದ ಸಸಿ, ಗೊಬ್ಬರ ಎಂದು ಮಾತಾಡಿದರು, ನಾಟಕದ ಮಾತು ಒಂದೂ ಆಡಲಿಲ್ಲ. ಗೇಟಿನ ಹತ್ತಿರ ಮಾತ್ರ, ‘ಸೆರಗು ಸರಿ ಮಾಡ್ಕೊ’ ಎಂದರು.

ಗಡ್ಡದ ಹಿರಿಯರು ಇನ್ನೂ ಇದ್ದಾರೆ. ‘ಎರಡು ಪುಟ ಕೇಳಿದ್ದೆವು, ನೀವು ಒಂದೇ ಬರೆದಿದ್ದೀರಿ’ ಎಂದರು.

‘ಎರಡನೇದು ಬರದು ಹರದು ಹಾಕ್ದೆರಿ’ ಎಂದೆ.

‘ಯಾಕೆ?’

‘ಅದರಾಗ ಒಬ್ಬ ಗೆಳತೀನ ಬೈದಿದ್ದೆ. ಬೈಯೋದು ಮುಗದ ಮ್ಯಾಲ ನೋಡಿದ್ರ ಆಕೀ ಬಗ್ಗೆನೇ ಪುಟ ತುಂಬಿತ್ತು, ನಂದು ಏನೂ ಇದ್ದಿಲ್ಲ.’

ಊರು ಯಾವುದು ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ಸೂಲಗಿತ್ತಿ?’ ಎಂದರು. ನಾನು ಹೌದೆಂದೆ. ಮಾಡಿ ತೋರಿಸು ಎನ್ನುತ್ತಾರೆಂದು ತಿಳಿದು ಸೆರಗು ಕೈಗೆ ತೆಗೆದುಕೊಂಡಿದ್ದೆ. ಅವರು ಕೇಳಲಿಲ್ಲ. ‘ಅದು ಮುಗಿದದ್ದು. ಈಗ ಹೊಸದೇನಿದೆ?’ ಎಂದರು. ಅತ್ತೆ ಮೊದಲ ಸಲ ‘ಯ’ ಬರೆದದ್ದನ್ನು ಮಾಡಿ ತೋರಿಸಿದೆ. ಬಳಪ ಹಿಡಿದ ಕೈ, ಕಚ್ಚಿಕೊಂಡ ತುಟಿ, ಅಕ್ಷರ ಬಂದ ಮೇಲೆ ಯಾರಾದರೂ ನೋಡಿದರೇ ಎಂದು ತಿರುಗಿ ನೋಡಿದ್ದು.

ನಿನ್ನೆ ಕಾಗದ ಬಂತು. ತೆಗೆದುಕೊಂಡಿದ್ದಾರೆ. ಆಗಸ್ಟ್ ಎರಡಕ್ಕೆ ಹೋಗಬೇಕು. ನೀಲಮ್ಮ, ‘ನೀ ಸಾಲಿಗಿ ಹೊಂಟೀ? ನಿಮ್ಮ ಟೀಚರು ಹೊಡೀತಾರಾ?’ ಎಂದು ಕೇಳುತ್ತಾಳೆ.

ಇನ್ನೂ ನಿನ್ನ ಮೇಲೆ ಸಿಟ್ಟಿದೆ. ಆದರೆ ಈ ಸುದ್ದಿಯನ್ನು ಮೊದಲು ಹೇಳಬೇಕೆನಿಸಿದ್ದು ನಿನಗೇ. ಇದಕ್ಕೆ ಏನನ್ನಬೇಕೋ ತಿಳಿಯದು.

ಆದೆಮ್ಮ


ಲಿಂಗಸುಗೂರು
19 ಜುಲೈ 1993

ಆದೆಮ್ಮ,

ನಿನ್ನ ಕಾಗದ ಶಾಲೆಗೆ ಬಂತು. ಮೂರನೇ ತರಗತಿಯ ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತು ಓದಿದೆ. ಸಂತೋಷವಾಯಿತು ಎಂದು ಬರೆದರೆ ಕಲಾಮಾತೆಯ ಕಾಗದವಾಗುತ್ತದೆ. ನಿಜ ಹೇಳಬೇಕೆಂದರೆ ಅವತ್ತು ಮಕ್ಕಳನ್ನು ಕಾರಣವಿಲ್ಲದೆ ಗದರಿಸಿದೆ. ಮನೆಗೆ ಬಂದು ಅನ್ನ ಸೀಯಿಸಿದೆ. ‘ಹೊಸದೇನಿದೆ’ ಎಂದು ಆ ಹಿರಿಯರು ನನ್ನನ್ನು ಒಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನನ್ನಲ್ಲಿ ಇದ್ದದ್ದು ಆ ಎರಡು ಪುಟವೇ. ಅದು ನನ್ನನ್ನು ಗೇಟಿನ ಒಳಗೆ ಬಿಟ್ಟಿತು, ರಂಗದ ಮೇಲೆ ಜೊತೆಗೆ ಬರಲಿಲ್ಲ. ಅಲ್ಲಿ ನನಗೆ ಸಣ್ಣ ಸಣ್ಣ ಪಾತ್ರಗಳೇ ಸಿಕ್ಕವು. ಇದನ್ನು ಇಷ್ಟು ದಿನ ನಾನು ಮಸ್ಕಿಯಲ್ಲಿ ಅವ್ವನಿಗೂ ಹೇಳಿಲ್ಲ.

ಮರುದಿನ ಮಕ್ಕಳಿಗೆ ಪಾಠ ಹೇಳುವಾಗ ನೀನು ಅತ್ತೆಯ ಕೈಯಾಗಿ ‘ಯ’ ಬರೆದದ್ದು ಕಣ್ಣ ಮುಂದೆ ಬಂತು. ನಾನು ನೋಡಿಲ್ಲ, ಆದರೂ ಬಂತು. ಹಾಗೆ ನೋಡುತ್ತ ನಿಂತುಬಿಟ್ಟೆ. ಹುಡುಗಿಯೊಬ್ಬಳು, ‘ಟೀಚರ್, ನೀವು ಒಬ್ರೇ ನಗಾಕತ್ತೀರಿ’ ಎಂದಳು.

ಹೊಟ್ಟೆಕಿಚ್ಚು ಹೋಗಿಲ್ಲ. ಹೋಗುತ್ತದೆಂದು ನಾನು ಈಗ ಕಾಯುವುದೂ ಇಲ್ಲ. ಅದು ಇರಲಿ, ನೀನು ಹೋಗು.

ಕೆಲಸದ ಮಾತು ಕೇಳು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಎರಡನೇ ಕೋಣೆ ಕೇಳು, ಮೊದಲನೆಯದು ಸೋರುತ್ತದೆ. ಆಗಸ್ಟಿನಲ್ಲಿ ಅಲ್ಲಿ ಬಿಡದೆ ಮಳೆ, ಕಂಬಳಿ ಒಯ್ಯಿ. ಕಂಬಳಿ ನೀನು ಕೊಳ್ಳಬೇಡ, ನಮ್ಮ ಕುರಿಗಳ ಉಣ್ಣೆಯದು ಒಂದು ಅವ್ವ ತೆಗೆದಿಟ್ಟಿದ್ದಾಳೆ. ಒಂದನೇ ತಾರೀಖು ನಿನ್ನ ಬಸ್ಸು ಲಿಂಗಸುಗೂರಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಎಡಗಡೆ ಕಿಟಕಿಗೆ ಕೂತಿರು. ಈ ಸಲ ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ನಿಲ್ಲುವುದಿಲ್ಲ.

ಶೇಖಮ್ಮ